ದೆವ್ವದೂರಿನ ವ್ಯಾಖ್ಯಾನಕಾರ

ಗಮಕದಲ್ಲಿ ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ‘ಸೈಲೆಂಟ್ ಹಿಲ್’ ಎಂಬ ಜಪಾನಿನ ದೆವ್ವದ ವಿಡಿಯೊ ಆಟಕ್ಕೂ ಮನೆಗೊಬ್ಬ ವ್ಯಾಖ್ಯಾನಕಾರ ಹುಟ್ಟಿಕೊಂಡಿದ್ದಾನೆ. ಈ ಆಸಾಮಿ ಕಂಟ್ರೋಲರ್ ಮುಟ್ಟುವುದಿಲ್ಲ. ಓಡುವುದು, ಹೊಡೆಯುವುದು, ಸಾಯುವುದು ಎಲ್ಲ ಅಕ್ಕನ ಮಗನ ಪಾಲು. ಮಾವ ಹಿಂದೆ ಸೋಫಾ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿರುತ್ತಾನೆ. ಪಿಶಾಚಿ ಇನ್ನೇನು ಮೈಮೇಲೆ ಬೀಳಬೇಕು, ಆಗ, “ಒಂಚೂರು ನಿಲ್ಸೋ, ಇಲ್ಲೊಂದು ಸೂಕ್ಷ್ಮ ಇದೆ.”

1999ರ ಮೊದಲ ಆಟದಲ್ಲಿ ಊರಿಗೂರೇ ಮಂಜು. ಅಂದಿನ ಪ್ಲೇಸ್ಟೇಷನ್ನಿಗೆ ದೂರದ ಬೀದಿಗಳನ್ನು ಬಿಡಿಸುವ ತ್ರಾಣವಿರಲಿಲ್ಲ, ಆಟ ತಯಾರಿಸಿದ ಕೊನಾಮಿಯವರು ಮಂಜು ಕವಿಸಿ ಮಾನ ಉಳಿಸಿಕೊಂಡರು. ಇದನ್ನು ಮಾವನಿಗೆ ಹೇಳಿ ನೋಡಿ. ಕನಿಕರದಿಂದ ನಗುತ್ತಾನೆ. ಸ್ಟೀಫನ್ ಕಿಂಗನ ‘ದಿ ಮಿಸ್ಟ್’ನಿಂದ ಹೊರಟು, ದಾಂತೆಯ ನರಕ ಹಾಯ್ದು, ಮಾಯೆಗೆ ಬರುತ್ತಾನೆ. ಮಾಯೆ ಬಂದ ಮೇಲೆ ಶಂಕರಾಚಾರ್ಯರು ಬಾರದಿರುತ್ತಾರೆಯೇ? ಅಷ್ಟರಲ್ಲಿ ಕಾಫಿ ಆರಿರುತ್ತದೆ.

ಇವನನ್ನು ಕೆಡಿಸಿದವರು ಆಟ ಮಾಡಿದವರೇ ಎಂಬುದು ನನ್ನ ದೂರು. ಆ ಊರಿನ ಬೀದಿಗಳಿಗೆ ಅವರಿಟ್ಟ ಹೆಸರುಗಳೋ: ಬ್ರಾಡ್‌ಬರಿ, ಮ್ಯಾಥೆಸನ್, ‘ಸೈಕೋ’ ಬರೆದ ಬ್ಲಾಕ್, ಕಿಂಗ್ ಕಳ್ಳಹೆಸರಲ್ಲಿ ಬರೆಯುವಾಗ ಇಟ್ಟುಕೊಂಡ ಬಾಕ್ಮನ್. ಶಾಲೆಯ ಹೆಸರು ಮಿಡ್ವಿಚ್. ಅದು ಜಾನ್ ವಿಂಡಮ್‌ನ 1957ರ ಕಾದಂಬರಿಯ ಊರು. ಮೂರನೆಯ ಆಟದ ಪುಸ್ತಕದಂಗಡಿಯಲ್ಲಂತೂ ಷೇಕ್ಸ್‌ಪಿಯರ್ ಗೊತ್ತಿಲ್ಲದಿದ್ದರೆ ಕಠಿಣ ಮಟ್ಟದಲ್ಲಿ ಬಾಗಿಲೇ ತೆರೆಯದು. ಬಿ.ಎ.ಯಲ್ಲಿ ಗೈಡು ಉರುಹೊಡೆದ ‘ಕಿಂಗ್ ಲಿಯರ್’ ಕೊನೆಗೂ ಒಂದು ಕೆಲಸಕ್ಕೆ ಬಂತೆಂದು ಮಾವ ಆ ರಾತ್ರಿ ಇನ್ನೊಂದು ಸಲ ಹುಳಿ ಬಡಿಸಿಕೊಂಡ.

ಅದೇ ಮಿಡ್ವಿಚ್ ಶಾಲೆ 1990ರ ‘ಕಿಂಡರ್‌ಗಾರ್ಟನ್ ಕಾಪ್’ ಚಿತ್ರದ ಶಾಲೆಯನ್ನು ತದ್ವತ್ ಹೋಲುತ್ತದೆಂದು ಅಭಿಮಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಾಗ ಮಾತ್ರ ಮಾವ ಕೊಂಚ ಮಂಕಾದ. ಅರ್ನಾಲ್ಡ್ ಶ್ವಾರ್ಜ್‌ನೆಗರ್ ಪುಟ್ಟ ಮಕ್ಕಳ ಕೈಗೆ ಸಿಕ್ಕಿ ಒದ್ದಾಡುವ ಸಿನಿಮಾ ಅದು! ಸ್ವಲ್ಪ ಹೊತ್ತಿನಲ್ಲೇ ಚೇತರಿಸಿಕೊಂಡ. “ಶಿಶುವಿಹಾರ ಅಂದ್ರೆ ಮುಗ್ಧತೆ. ಪೊಲೀಸು ಅಂದ್ರೆ ಪಾಪಪ್ರಜ್ಞೆ. ಗೊತ್ತಾಯ್ತೇನೋ?”

2001ರ ಎರಡನೇ ಆಟದಲ್ಲಿ ಜೇಮ್ಸ್ ಎಂಬವನಿಗೆ ಸತ್ತು ಮೂರು ವರ್ಷವಾದ ಹೆಂಡತಿಯಿಂದ ಕಾಗದ ಬರುತ್ತದೆ. (ನಮ್ಮ ಕಡೆ ಅಂಚೆ ತಡವಾಯಿತೆಂದು ಸುಮ್ಮನಾಗುತ್ತಿದ್ದರು.) ಅವನು ಅದೇ ಊರಲ್ಲಿ ಮತ್ತೆ ಮತ್ತೆ ಸುತ್ತುತ್ತಲೇ ಇದ್ದಾನೆಂಬುದು ಅಭಿಮಾನಿಗಳ ಹಳೆಯ ವಾದ. 2024ರಲ್ಲಿ ಆಟವನ್ನು ಹೊಸದಾಗಿ ಕಟ್ಟಿದವರು ಅದರಲ್ಲಿ 26 ಫೋಟೊ ಅಡಗಿಸಿಟ್ಟರು. ಒಂದೊಂದರಲ್ಲೂ ವಸ್ತುಗಳನ್ನೆಣಿಸಿ, ಅದರ ಮೇಲಿನ ಬರಹದಿಂದ ಅಷ್ಟನೇ ಅಕ್ಷರ ಹೆಕ್ಕಿ ಜೋಡಿಸಿದರೆ, ನೀನಿಲ್ಲಿಗೆ ಬಂದು ಎರಡು ದಶಕವಾಯಿತು ಎಂಬರ್ಥದ ಇಂಗ್ಲಿಷ್ ವಾಕ್ಯ! ಇನ್ನು ಮಾವನನ್ನು ಹಿಡಿಯುವವರುಂಟೆ? ಈಗ ಮದುವೆ ಆಲ್ಬಂ ತೆರೆದರೂ ಕಳಶದ ಪಕ್ಕದ ತೆಂಗಿನಕಾಯಿ ಎಣಿಸುತ್ತಾನೆ.

ಎರಡನೇ ಆಟಕ್ಕೆ ಒಂದು ಚೇಷ್ಟೆಯ ಮುಕ್ತಾಯವೂ ಇದೆ. ಜೇಮ್ಸ್ ಕೊನೆಯ ಕೋಣೆಯ ಬಾಗಿಲು ತೆರೆದರೆ, ಹೆಡ್‌ಫೋನ್ ಹಾಕಿಕೊಂಡ ನಾಯಿಯೊಂದು ಯಂತ್ರದ ಮುಂದೆ ಕೂತು ಇಡೀ ಊರನ್ನು ಆಡಿಸುತ್ತಿರುತ್ತದೆ. ಹುಡುಗ ಬಿದ್ದೂ ಬಿದ್ದೂ ನಕ್ಕ. ಮಾವ ನಗಲಿಲ್ಲ, ಮಹಾಪ್ರಸ್ಥಾನ ಪರ್ವ ಶುರುವಾಯಿತು.

“ಮಾವಾ, ಅದು ಬರೀ ನಾಯಿ!”

“ಧರ್ಮರಾಯನೂ ಹಾಗೇ ಅಂದ್ಕೊಂಡಿದ್ದ ಕಣೋ.”