ಬೀಜದ ಸಾವಕಾರ್ರ ಪಾಸ್‌ವರ್ಡು

ರಾಣೆಬೆನ್ನೂರಿನ ಬೀಜದ ಪೇಟೆಯಲ್ಲಿ ಬಾಯಿ ಹಗುರ ಇರುವವರು ಬಾಳುವುದು ಕಷ್ಟ. ಸುತ್ತಲ ಹಳ್ಳಿಗಳ ಹೊಲಗಳಲ್ಲಿ ಹೆಣ್ಣುಮಕ್ಕಳು ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪುಡಿ ಮುಟ್ಟಿಸಿ, ಟೊಮೆಟೊ, ಮೆಣಸಿನಕಾಯಿಗಳ ಹೈಬ್ರಿಡ್ ಬೀಜ ಮಾಡುತ್ತಾರೆ. ಗಂಡು ಯಾವ ತಳಿ, ಹೆಣ್ಣು ಯಾವ ತಳಿ ಎಂಬುದು ಬೆಳೆಯುವ ರೈತನಿಗೇ ಗೊತ್ತಿರುವುದಿಲ್ಲ. ಪೊಟ್ಟಣದ ಮೇಲೆ ಬರೀ ನಂಬರು. ಇಂಥ ಗುಟ್ಟಿನ ನಡುವೆಯೇ ಕೂದಲು ಬೆಳ್ಳಗಾದವರು ನಮ್ಮ ಸಾವಕಾರ್ರು. ಹೆಸರು ಬೇಡ, ಹೇಳಿದರೆ ಅದೇ ಸಾಲಿನ ನಾಲ್ಕಂಗಡಿಯವರು 'ನನಗ ಬರದಾನ' ಎಂದು ಜಗಳಕ್ಕೆ ಬಂದಾರು.

ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಉಡದಾರಕ್ಕೆ ಕೀಲಿಕೈ ಗೊಂಚಲು. ಗೋದಾಮಿಗೆ ಮೂರು ಕೀಲಿ. ರಾತ್ರಿ ಶಟರ್ ಎಳೆದು, ಕೀಲಿ ಜಗ್ಗಿ ನೋಡಿ, ಹತ್ತು ಹೆಜ್ಜೆ ಹೋಗಿ, ಮತ್ತೆ ಬಂದು ಜಗ್ಗದಿದ್ದರೆ ಅವರಿಗೆ ರೊಟ್ಟಿ ಇಳಿಯುವುದಿಲ್ಲ. ಗಂಡುಬೀಜದ ಡಬ್ಬಿ ಎಲ್ಲಿದೆ ಎಂಬುದು ಹೆಂಡತಿಗೂ ತಿಳಿದಿಲ್ಲ.

ಇಂಥವರು ಆನ್‌ಲೈನ್ ಅಂಗಡಿ ತೆರೆದರು. ಕೈತೋಟದ ಬೀಜದ ಪೊಟ್ಟಣ, ಜೊತೆಗೆ ಪಕ್ಕದೂರಿನ ಬ್ಯಾಡಗಿ ಮೆಣಸಿನಕಾಯಿ: ಡಬ್ಬಿ ಬೇರೆ, ಕಡ್ಡಿ ಬೇರೆ. ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಮಾನ್ಯತೆ ಸಿಕ್ಕಿದ್ದು 2011ರಲ್ಲಿ. ವೆಬ್‌ಸೈಟಿನಲ್ಲಿ ಅಂಗಡಿ ನಡೆಸುವ ವೂಕಾಮರ್ಸ್ ತಂತ್ರಾಂಶ ಹುಟ್ಟಿದ್ದೂ ಅದೇ ವರ್ಷ. ಇದು ಋಣಾನುಬಂಧವೇ ಸರಿ ಎಂದು ಸಾವಕಾರ್ರು ಮುಂಗಡ ಕೊಟ್ಟುಬಿಟ್ಟರು.

ವೆಬ್‌ಸೈಟ್ ಮಾಡಿದ ಹುಬ್ಬಳ್ಳಿ ಹುಡುಗ ಹೋಗುವಾಗ ಹೇಳಿದ: 'ಅಡ್ಮಿನ್ ಪಾಸ್‌ವರ್ಡ್ ಜ್ವಾಕಿರಿ. ದರ ತಿದ್ದೂದು, ಗಿರಾಕಿ ಫೋನು, ವಿಳಾಸ, ಎಲ್ಲಾ ಅದರಾಗ ಐತಿ.' ಸಾವಕಾರ್ರು ತಲೆಯಾಡಿಸಿದರು. ಮನೆದೇವರು ದೇವರಗುಡ್ಡದ ಮಾಲತೇಶ. ಆ ಹೆಸರು, ನಡುವೆ ಒಂದು ಸುರುಳಿ 'ಎ', ಕೊನೆಗೆ ಇಸವಿ. ದೀಪಾವಳಿ ಪಾಡ್ಯಕ್ಕೆ ಹೊಸ ಕಿರ್ದಿ ಪುಸ್ತಕದ ಜೊತೆಗೆ ಪಾಸ್‌ವರ್ಡಿಗೂ ಪೂಜೆ, ಅಂದರೆ ಇಸವಿ ಬದಲು. ಮನೆದೇವರು ಪೇಟೆಗೆಲ್ಲ ಗೊತ್ತು, ಇಸವಿ ಲೋಕಕ್ಕೆಲ್ಲ ಗೊತ್ತು. ಅದೂ ಮರೆತರೆ ಎಂದು ಗೋಡೆಯ ಶಾಬಾದಿಮಠ ಕ್ಯಾಲೆಂಡರಿನ ಪಾಡ್ಯದ ಚೌಕದಲ್ಲಿ, ಹಾಲಿನ ಲೆಕ್ಕಕ್ಕೂ ಗ್ಯಾಸ್ ಸಿಲಿಂಡರ್ ತಾರೀಖಿಗೂ ನಡುವೆ, ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದರು.

ಗುಮಾಸ್ತನಿಗೆ ಹೇಳಿದರು, ಅಳಿಯನಿಗೆ ಹೇಳಿದರು, ಕೊರಿಯರ್ ಹುಡುಗನಿಗೂ ಹೇಳಿದರು. ಎದುರಂಗಡಿಯವರು ಸುಮ್ಮನೆ ಕೇಳಿದರೂ ಹೇಳಿದರು. 'ಹೇಳ್ಲಿಲ್ಲಂದ್ರ ಇವಂಗ ನಮ್ಮ ಮ್ಯಾಲ ನಂಬಿಕಿಲ್ಲ ಅಂತಾರ್ರೀ' ಎಂಬುದು ಅವರ ವಾದ. ಕಬ್ಬಿಣದ ಕೀಲಿಕೈ ಕೇಳಿದರೆ ಬೈಯುವ ಮನುಷ್ಯ, ಕೈಗೆ ಸಿಗದ ಕೀಲಿಕೈಯನ್ನು ಚಹಾದ ಜೊತೆ ಹಂಚುತ್ತಿದ್ದರು. ಹಂಚಿದರೂ ತಮ್ಮ ಬಳಿ ಹಾಗೇ ಉಳಿಯುವ ವಸ್ತು ಕಳುವಾಗುವುದು ಹೇಗೆ ಎಂಬುದೇ ಅವರಿಗೆ ಹೊಳೆಯಲಿಲ್ಲ. ಇಂಥ ಅಂಗಡಿಗಳ ಅಡ್ಮಿನ್ ಬಾಗಿಲು ಬಡಿಯುವುದನ್ನೇ ಕಸುಬು ಮಾಡಿಕೊಂಡ ಪ್ರೋಗ್ರಾಮುಗಳು ಹಗಲುರಾತ್ರಿ ಲೋಕ ಸುತ್ತುತ್ತವೆ. ಮಧ್ಯರಾತ್ರಿ ಎಲ್ಲೆಲ್ಲಿಂದಲೋ ಬಾಗಿಲು ಬಡಿದ ದಾಖಲೆ ಕಂಡು ಸಾವಕಾರ್ರು ಹಿಗ್ಗಿದರು: 'ರಷ್ಯಾದಿಂದ ಗಿರಾಕಿ ಬರಾಕತ್ತಾರ!'

ಆದರೆ ಒಳಗೆ ಹೊಕ್ಕವರು ಹೊರದೇಶದವರಲ್ಲ, ಎದುರಂಗಡಿಯವರು. ಡಬ್ಬಿ ಮೆಣಸಿನಕಾಯಿಯ ಪಕ್ಕ ತಮ್ಮ ಗುಂಟೂರು ಮಾಲಿನ ಚಿತ್ರ, ಕೆಳಗೆ ತಮ್ಮ ಫೋನ್ ನಂಬರು ಹಾಕಿ, ಹಾಗೇ ಸಾವಕಾರ್ರ ಒಂದೆರಡು ಕಾಗುಣಿತದ ತಪ್ಪನ್ನೂ ತಿದ್ದಿ ಬಂದಿದ್ದರು. ಸಾವಕಾರ್ರು ಕೆಂಡವಾದರು. 'ಒಳಗ ಬಂದಿದ್ದಕ್ಕ ಸಿಟ್ಟಿಲ್ರೀ. ಬ್ಯಾಡಗಿ ಡಬ್ಬಿ ಮಗ್ಗಲಾಗ ಗುಂಟೂರು ಇಡೂದ? ಆ ಖಾರ ಏನು, ಈ ಬಣ್ಣ ಏನು!'

ಹುಬ್ಬಳ್ಳಿ ಹುಡುಗ ಮತ್ತೆ ಬಂದ. ಲಾಗಿನ್ ಪುಟಕ್ಕೂ ಮುಂಚೆ ಸರ್ವರೇ ತಡೆದು ಕೇಳುವಂತೆ ಇನ್ನೊಂದು ಪಾಸ್‌ವರ್ಡು ಇಟ್ಟ. ಎರಡು ಕೀಲಿ ಎಂದ ಕೂಡಲೇ ಸಾವಕಾರ್ರ ಮುಖ ಅರಳಿತು. ಆದರೆ ಆ ಪಾಸ್‌ವರ್ಡನ್ನು ಸರ್ವರು ಇದ್ದಂತೆ ಬರೆದಿಡುವುದಿಲ್ಲ, ಗುರುತು ಸಿಗದಂತೆ ಕಲಸಿ ಇಡುತ್ತದೆ ಎಂದಾಗ ಗುಮಾನಿ ಹತ್ತಿತು: 'ಮತ್ತ ತಾಳಿ ಹೆಂಗ ನೋಡ್ತೈತಿ?' ಹುಡುಗ ಜಾಣ. 'ಸಾವಕಾರ್ರ, ಹೈಬ್ರಿಡ್ ಬೀಜ ನೋಡಿ ಅಪ್ಪ-ಅವ್ವ ಯಾರಂತ ಹೇಳಾಕ ಬರ್ತದೇನು? ಆದ್ರ ಅದ ಅಪ್ಪ-ಅವ್ವನ್ನ ಮತ್ತ ಕೂಡಿಸಿದ್ರ ಅದ ಬೀಜ ಬರ್ತದಲ್ಲ? ಹಂಗ.' ಸಾವಕಾರ್ರು ಬಹಳ ಹೊತ್ತು ಮಾತಾಡಲಿಲ್ಲ. ಕಂಪ್ಯೂಟರಿನಲ್ಲಿ ಮರ್ಯಾದಸ್ಥರೂ ಇದ್ದಾರೆಂದು ಅವರಿಗೆ ಅವತ್ತೇ ಅನ್ನಿಸಿದ್ದು.

ಆ ಭರದಲ್ಲಿ ಹುಡುಗ ಇನ್ನೊಂದು ಕಥೆಯನ್ನೂ ಹೇಳಿಬಿಟ್ಟ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಎರಡು ಫೈಲು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಸ್ವಾಗತದ ಸಂದೇಶದ ಬದಲು ಎಲ್ಲರ ಪಾಸ್‌ವರ್ಡುಗಳೂ ಕಂಡವಂತೆ. ಹೇಳಬಾರದಿತ್ತು. 'ನೋಡ್ರಿ ಮತ್ತ, ಅಂಥಾವ್ರ ಬೋರ್ಡಿಗೆ ಹಚ್ಯಾರ. ನಂದೇನು, ಒಂದ್ ಕ್ಯಾಲೆಂಡರು' ಎಂದವರು ಎರಡೂ ಕೀಲಿಗೆ ಒಂದೇ ಮಾಲತೇಶನನ್ನು ಇಟ್ಟರು.

ಕೊನೆಗೆ ಹುಡುಗ ಸೋತು ಓಟಿಪಿ ಹಚ್ಚಿಕೊಟ್ಟು ಹೋದ. ಈಗ ಗುಮಾಸ್ತ ಒಳಗೆ ಕಂಪ್ಯೂಟರಿನ ಮುಂದೆ ಕೂತಿರುತ್ತಾನೆ, ಮೊಬೈಲು ಸಾವಕಾರ್ರ ಕಿಸೆಯಲ್ಲಿ, ಸಾವಕಾರ್ರು ರಸ್ತೆಯಾಚೆ ಮಿರ್ಚಿ ಬಂಡಿಯ ಹತ್ತಿರ.

'ಓಟಿಪಿ ಬಂತೇನ್ರೀ?'

'ಬಂತು, ಬರ್ಕೋ! ನಾಕು, ಏಳು, ಸೊನ್ನಿ, ಒಂಬತ್ತು...' ಕನ್ನಡಕ ಅಂಗಡಿಯಲ್ಲೇ ಉಳಿದಿತ್ತು. ಮೊಬೈಲನ್ನು ದೂರ ಹಿಡಿದರು, ಹತ್ತಿರ ಹಿಡಿದರು.

ಎದುರಂಗಡಿಯವರೇ ಎದ್ದು ಬಂದು ಇಣುಕಿ ತಿದ್ದಿದರು: 'ಒಂಬತ್ತಲ್ರೀ, ಆರು. ಲಗೂನ ಹಾಕ್ಸ್ರಿ, ಟೈಮ್ ಮುಗೀತೈತಿ.'