ದುಧನಿಯ ಆರ್‌ಸಿಬಿ ಗೃಹಸ್ಥ

ಮಹಾರಾಷ್ಟ್ರದ ಗಡಿಯೂರು ದುಧನಿಯ ಆರ್‌ಸಿಬಿ ಅಭಿಮಾನಿಯನ್ನು ಗುರುತಿಸಲು ಕಷ್ಟಪಡಬೇಕಿಲ್ಲ. ಏಪ್ರಿಲ್ ಬಿಸಿಲಿಗೆ ಊರೆಲ್ಲ ಬನಿಯನ್ನೂ ಭಾರ ಎನ್ನುವಾಗ ಆತ ಗಾಳಿಯಾಡದ ಪಾಲಿಯೆಸ್ಟರ್ ಜೆರ್ಸಿ ತೊಟ್ಟು ಅಡತಿ ಅಂಗಡಿಯ ಕಟ್ಟೆಗೆ ಬರುತ್ತಾನೆ. ಬೆನ್ನಿಗೆ ಕೊಹ್ಲಿಯ 18, ಎದೆಗೆ ‘ಬ್ಯಾಂಗಲೋರ್’. 2024ರಲ್ಲಿ ತಂಡ ಅದನ್ನು ‘ಬೆಂಗಳೂರು’ ಮಾಡಿಕೊಂಡದ್ದು ಅವನಿಗೆ ಗೊತ್ತು; ಆದರೆ ಹಳೆಯ ಅಂಗಿ ಇನ್ನೂ ಹರಿದಿಲ್ಲ. ಊರೂರ ಶಾಲೆಗಳಿಗೆ ಸಮವಸ್ತ್ರ ಹೊಲಿದು ಕಳಿಸುವ ಸೊಲ್ಲಾಪುರದ ಜಿಲ್ಲೆಯಲ್ಲಿದ್ದುಕೊಂಡು ತನ್ನ ಸಮವಸ್ತ್ರವನ್ನು ಮಾತ್ರ ಆತ ಪಕ್ಕದ ರಾಜ್ಯದಿಂದ ಆರಿಸಿಕೊಂಡಿದ್ದಾನೆ. ಹೊಲದ ಪಹಣಿ, ಅಂದರೆ ಸಾತಬಾರಾ, ಮರಾಠಿಯಲ್ಲಿದೆ, ಓಟು ಮಹಾರಾಷ್ಟ್ರಕ್ಕೆ. ಬೈಗುಳ, ಬಾಯಿಲೆಕ್ಕ ಮತ್ತು ‘ಈ ಸಲ ಕಪ್ ನಮ್ದ’ ಮಾತ್ರ ಕನ್ನಡದಲ್ಲಿ.

ಮಹಾರಾಷ್ಟ್ರದ ಅನ್ನ ಉಂಡವನು ಮುಂಬೈ ತಂಡಕ್ಕೆ ಚಪ್ಪಾಳೆ ತಟ್ಟಬೇಡವೇ, ರೈಲಿಗೂ ಮುಂಬೈಯೇ ಹತ್ತಿರವಲ್ಲವೇ ಎಂದು ಕಟ್ಟೆಯ ಹಿರಿಯರು ಕೇಳುತ್ತಾರೆ. ಕೇಳಲು ಸರಿ, ಆದರೆ ಕ್ರಿಕೆಟ್ಟಿನ ನಕಾಶೆಯೇ ಬೇರೆ. ರಣಜಿಯಲ್ಲಿ ಮುಂಬೈ ಒಂದು ತಂಡ, ಮಹಾರಾಷ್ಟ್ರ ಇನ್ನೊಂದು. ಸೊಲ್ಲಾಪುರ ಜಿಲ್ಲೆ ಸೇರುವುದು ಪುಣೆಯಲ್ಲಿ ಗದ್ದಿಗೆ ಹೂಡಿರುವ ಎರಡನೆಯದಕ್ಕೆ. ಕಾಯಿದೆ ಹಿಡಿದರೆ ಅವನು ಪುಣೆಯ ಐಪಿಎಲ್ ತಂಡವನ್ನು ಬೆಂಬಲಿಸಬೇಕು. ವಾರಿಯರ್ಸ್ 2011ರಲ್ಲಿ ಬಂದು 2013ಕ್ಕೆ ಗಂಟುಮೂಟೆ ಕಟ್ಟಿತು. ರೈಸಿಂಗ್ ಪುಣೆ 2016, 2017 ಎರಡೇ ವರ್ಷ ಬಾಳಿತು. ಇಲ್ಲದ ತಂಡಕ್ಕೆ ನಿಷ್ಠನಾಗಿರುವುದು ಸಂತರಿಗೇ ಸಾಧ್ಯ. ಹಾಗಾಗಿ ಆತ ಇನ್ನೊಂದು ನಕಾಶೆ ಬಿಚ್ಚುತ್ತಾನೆ. ದುಧನಿ ಇರುವ ಅಕ್ಕಲಕೋಟೆ ತಾಲೂಕು ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದದ ಮಹಾಜನ್ ಆಯೋಗ 1967ರಲ್ಲೇ ಹೇಳಿತ್ತು. ವರದಿ ಕಪಾಟು ಸೇರಿತು. ಈತ ಅದನ್ನು ತನ್ನ ಮಟ್ಟಿಗೆ ವರ್ಷಕ್ಕೆ ಎರಡು ತಿಂಗಳು ಜಾರಿಗೆ ತರುತ್ತಾನೆ, ಯಾರ ತಂಟೆಗೂ ಹೋಗದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಆ ತಂಡದಲ್ಲಿ ಕನ್ನಡ ಎಲ್ಲಿದೆ? ಕೊಹ್ಲಿ ದಿಲ್ಲಿಯವರು, 2025ರ ನಾಯಕ ಪಾಟೀದಾರ್ ಇಂದೋರಿನವರು. ಬಣ್ಣವಾದರೂ ನಿಂತಿದೆಯೇ? 2008ರಲ್ಲಿ ಕನ್ನಡ ಬಾವುಟ ನೆನಪಿಸುವ ಕೆಂಪು-ಹಳದಿ. ಆಮೇಲೆ ಕಪ್ಪು ಬಂತು, 2024ರಲ್ಲಿ ನೀಲಿ, ನಡುನಡುವೆ ಒಂದು ದಿನದ ಹಸಿರು. ಅಭಿಮಾನಿ ಕೊನೆಗೆ ಕೂಗುವುದು ಬಟ್ಟೆಗೇ ಎಂದು ಅಮೆರಿಕದ ಹಾಸ್ಯಗಾರ ಸೈನ್‌ಫೆಲ್ಡ್ ನಗೆಯಾಡಿದ್ದು ಸುಳ್ಳಲ್ಲ. ಆದರೆ ಅದೇ ಅಮೆರಿಕದ ಬೇಸ್‌ಬಾಲಿನಲ್ಲಿ ಒಂದು ಹಳೆಯ ರೂಢಿಯಿದೆ: ಸ್ವಂತ ಮೈದಾನದಲ್ಲಿ ಆಡುವಾಗ ಅಂಗಿಯ ಮೇಲೆ ತಂಡದ ಅಡ್ಡಹೆಸರು, ಪರಊರಿಗೆ ಹೋದಾಗ ಸಾಮಾನ್ಯವಾಗಿ ಊರ ಹೆಸರು. ಇದರಲ್ಲಿ ವಿವೇಕವಿದೆ. ಬೆಂಗಳೂರಿನ ಬೀದಿಯಲ್ಲಿ ‘ಬೆಂಗಳೂರು’ ಎಂಬ ಅಂಗಿ ಯಾರಿಗೂ ಏನನ್ನೂ ತಿಳಿಸುವುದಿಲ್ಲ. ದುಧನಿಯ ಸಂತೆಯಲ್ಲಿ ಅದು, ತೊಟ್ಟವನು ಬಾಯಿ ತೆರೆಯುವ ಮೊದಲೇ, ಮನೆಯೊಳಗಿನ ಮಾತು ಯಾವುದೆಂದು ಹೇಳಿಬಿಡುತ್ತದೆ. ಬೆಂಗಳೂರನ್ನು ಆತ ಕಂಡಿದ್ದಾನೋ ಇಲ್ಲವೋ, ಅದು ಇಲ್ಲಿ ಗೌಣ.

ಈ ವಾದಕ್ಕೂ ಪರೀಕ್ಷೆಯ ದಿನ ಬಂದಿತ್ತು. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿ ಅಂಗಳದಲ್ಲಿ ನಮ್ಮ ಕನ್ನಡಿಗ ಕೆ.ಎಲ್. ರಾಹುಲ್ ದಿಲ್ಲಿಯ ಪರ ಔಟಾಗದೆ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿದರು. ಅಂಗಿ ಅಳು ಎನ್ನುತ್ತಿತ್ತು, ನಾಲಿಗೆ ಹಿಗ್ಗು ಎನ್ನುತ್ತಿತ್ತು. ಇಂಥ ಹೊತ್ತಿನಲ್ಲಿ ಗೃಹಸ್ಥ ಅಂಪೈರನನ್ನು ಬೈದು ಪಾರಾಗುತ್ತಾನೆ. ಜೂನ್ 3ಕ್ಕೆ ಕಪ್ಪೂ ಬಂದ ಮೇಲೆ ಅವನಿಗೆ ಉಳಿದಿರುವುದು ಒಂದೇ ಎದುರಾಳಿ: ಮರಾಠಿ ಶಾಲೆಗೆ ಹೋಗುವ ಮಗ, ಮುಂಬೈಯ ನೀಲಿ ಅಂಗಿಯೇ ಬೇಕೆಂದು ಹಟ ಹಿಡಿದವನು. ಅಪ್ಪ ಕೊಡಿಸುತ್ತಾನೆ, ಆದರೆ ಭಾರತ ತಂಡದ ನೀಲಿಯನ್ನು. ‘ಎರಡೂ ಒಂದ ಬಣ್ಣ ಅಲ್ಲೇನೋ ತಮ್ಮಾ, ಹಾಕ್ಕೋ’ ಅನ್ನುತ್ತಾನೆ.