ಸಹಜವಾಗಿರಿ, ಅಜ್ಜಿ!

ಭಾನುವಾರ ಬೆಳಿಗ್ಗೆ, ಮೈಸೂರಿನ ದೇವರಾಜ ಮಾರುಕಟ್ಟೆ. 85 ಎಂಎಂ ಲೆನ್ಸ್ ಹೊತ್ತ ಹವ್ಯಾಸಿ ಛಾಯಾಗ್ರಾಹಕ; ಎದುರಿಗೆ ಹೂವಿನ ಅಜ್ಜಿ.

“ಅಜ್ಜಿ, ಒಂದು ಫೋಟೋ ತೆಗೀಲಾ? ಸಹಜವಾಗಿರಿ.”

“ಸಹಜವಾಗೇ ಇದೀನಲ್ಲಪ್ಪ.”

“ನಗಬೇಡಿ. ಸ್ವಲ್ಪ ದೂರ ನೋಡಿ. ಆ ಪ್ಲಾಸ್ಟಿಕ್ ಬಕೆಟ್ ಆಚೆ ಇಡಿ, ಮೊಬೈಲೂ. ಕ್ಯೂಆರ್ ಬೋರ್ಡನ್ನ ಹೂವಿಂದ ಮುಚ್ಚಿಬಿಡಿ.”

“ದುಡ್ಡು ಬರೋದೇ ಅದರಿಂದ!”

“ಎರಡೇ ನಿಮಿಷ. ಹಳೇ ಕಾಲದ ಹಾಗೆ ಕಾಣಬೇಕು.”

“ಹಳೇ ಕಾಲದಲ್ಲಿ ನಾನು ಹುಡುಗಿ ಕಣಪ್ಪ.”

(ಈ ಮಾತಿಗೆ ಯಾವ ಕ್ಯಾಮೆರಾದಲ್ಲೂ ಸೆಟ್ಟಿಂಗ್ ಇಲ್ಲ.)

“ಹಿಂದಿನ ಗೋಡೆ ಅದ್ಭುತ! ಆ ಬಿರುಕು, ಉದುರಿದ ಗಾರೆ... ಎಂಥ ಕಳೆ!”

“ಕಳೆಯಾ? 2012ರಲ್ಲಿ ಅಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ಜನ ಸತ್ರು. 2016ರಲ್ಲಿ ಇದೇ ಮಾರ್ಕೆಟ್ಟಿನ ಉತ್ತರದ ಭಾಗ ಬಿತ್ತು. ನೀನು ಫೋಟೋ ತೆಗೆದ್ರೆ ಗೋಡೆ ಗಟ್ಟಿಯಾಗುತ್ತೇನಪ್ಪ?”

“ಇಲ್ಲ ಅಜ್ಜಿ, ಅಪರ್ಚರ್ 1.8 ಇಟ್ಟಿದೀನಿ. ಗೋಡೆ ಮಸುಕಾಗುತ್ತೆ.”

“ಕೆಡವೋದಾ, ರಿಪೇರಿ ಮಾಡೋದಾ ಅಂತ ವರ್ಷಗಟ್ಟಲೆ ಜಗಳ ಆಡಿದೋರೂ ಅದನ್ನೇ ಮಾಡಿದ್ದು.”

“ಇದನ್ನ ಕಪ್ಪು-ಬಿಳುಪು ಮಾಡ್ತೀನಿ.”

“ಹಳದಿ ಸೇವಂತಿಗೇನಾ? ಬೆಳೆದೋನು ನೋಡಿದ್ರೆ ಅತ್ತುಬಿಡ್ತಾನೆ.”

“ಶೀರ್ಷಿಕೆ ‘ಮೌನ ಬದುಕು’!”

“ಹಂಗಾದ್ರೆ ಇಷ್ಟೊತ್ತು ಮಾತಾಡಿದ್ದು ಯಾರು? ಸರಿ, ಮಲ್ಲಿಗೆ ಒಂದು ಮಾರು ಕೊಡ್ಲಾ?”

“ಬೇಡ ಅಜ್ಜಿ, ಬೆಳಕು ಹೋಗ್ತಿದೆ!”

ಬಿಸಿಲು ನೆತ್ತಿಗೇರುತ್ತಿತ್ತು. ಅವನು ಆಗಲೇ ಅರಿಶಿನ-ಕುಂಕುಮದ ರಾಶಿಗಳ ಕಡೆ ಓಡಿದ್ದ. ಅಲ್ಲಿ ಮಾತ್ರ ಬಣ್ಣ ಬೇಕಂತೆ.

ದೇವರಾಜ ಮಾರುಕಟ್ಟೆಗೆ ಕ್ಯಾಮೆರಾ ಹೊತ್ತು ಹೋಗುವ ಮಹನೀಯರೇ, ಜೇಬಿನಲ್ಲಿ ಹೂವಿಗೂ ಒಂದಿಷ್ಟು ಚಿಲ್ಲರೆ ಇಟ್ಟುಕೊಳ್ಳಿ.